ರಹದ್ ಹೊಳೆಯಾಚೆಯ ಗೋರಿ

ಕೆಲ್ಲು ತನ್ನ ನಾಡು ಬೊರ್ನೊ ಬಿಟ್ಟು ಹೊರಟದ್ದು ಒಂದೇ ಕೆಲಸಕ್ಕೆ: ಸೂಡಾನಿನಲ್ಲಿರುವ ಅಪ್ಪನ ಗೋರಿ ಕಂಡು, ಅವನ ಕೈಬರಹದ ಕುರಾನನ್ನು ಅವ್ವ ಯಗಾನಾಳಿಗೆ ತಂದುಕೊಡಬೇಕು. ಅಪ್ಪ ಮಾಲಂ ಕಚಲ್ಲಾ ಮಕ್ಕಳಿಗೆ ಕುರಾನ್ ಓದಲು ಕಲಿಸುವ ಗುರು. ಅವನು ಹಜ್‌ಗೆಂದು ಮೆಕ್ಕಾದ ದಾರಿ ಹಿಡಿದಾಗ ಮಗಳು ಕೆಲ್ಲುವಿಗೆ ಐದು ವರ್ಷ. ರಹದ್ ಹೊಳೆಯಾಚೆ, ಯಾತ್ರಿಕರೇ ಕಟ್ಟಿಕೊಂಡ ಊರಲ್ಲಿ ಅವನು ಜ್ವರದಿಂದ ಸತ್ತನೆಂದು ಹಾಜಿಯೊಬ್ಬ ಸುದ್ದಿ ತಂದು ಒಂಬತ್ತು ವರ್ಷವಾಗಿತ್ತು.

ಚಿಕ್ಕಪ್ಪ ಬುಲಾಮಾ ಜೊತೆಗೆ ಬಂದ. ಕಂಡವರ ಹೊಲಗಳಲ್ಲಿ ಹತ್ತಿ ಬಿಡಿಸಿ, ಜೋಳ ಕೊಯ್ದು, ಏಳು ತಿಂಗಳು ನಡೆದರು. ಕೊನೆಗೆ ಕಂಡ ರಹದ್ ದಡ ಮೀರಿ ಕೆಂಪಗೆ ಹರಿಯುತ್ತಿತ್ತು. ದೋಣಿಯ ಸುಳಿವಿಲ್ಲ. ಬುಲಾಮಾ ತೇಲಲೆಂದು ಎರಡು ದೊಡ್ಡ ಸೋರೆ ಬುರುಡೆಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದ.

"ಬುರುಡೆ ಮೇಲೆ ಬೋರಲು ಮಲ್ಕೊ. ಕಾಲು ಬಡೀತಾನೇ ಇರು. ಮೊಸಳೆ ಕಂಡ್ರೆ ನನಗೆ ಹೇಳ್ಬೇಡ."

"ಯಾಕೆ?"

"ಈಜೋದು ಮರೆತುಹೋಗುತ್ತೆ."

ನಡುಹೊಳೆಯಲ್ಲಿ ಮರದ ದಿಮ್ಮಿಯೊಂದು ಬಂದು ಬಡಿಯಿತು. ಹಗ್ಗ ಕಿತ್ತುಹೋಯಿತು. ಬುಲಾಮಾ ಮುಳುಗಿದ.

ಕೆಲ್ಲು ಕೈ ಚಾಚಿದಳು. ಸಿಕ್ಕಿದ್ದು ಬರೀ ನೀರು. ಮತ್ತೆ ಚಾಚಿದಳು. ಬಿಚ್ಚಿಹೋಗಿದ್ದ ಅವನ ರುಮಾಲಿನ ತುದಿ ಸಿಕ್ಕಿತು; ಇನ್ನೊಂದು ತುದಿ ಅವನ ಹಿಡಿಯಲ್ಲಿತ್ತು. ಮುಂಗೈಗೆ ಸುತ್ತಿಕೊಂಡು ಎಳೆದಳು. ಕೆಸರು ಕುಡಿದು, ಮೊಣಕೈ ತರಚಿಕೊಂಡು, ಇಬ್ಬರೂ ಬಹಳ ಕೆಳಗೆ ದಡ ಹತ್ತಿದರು.

ಯಾತ್ರಿಕರ ಊರಲ್ಲಿ, ಜಾಲಿಮರದಡಿ ಮುದುಕನೊಬ್ಬ ಮಕ್ಕಳು ಬರೆದ ಹಲಗೆ ತಿದ್ದುತ್ತಿದ್ದ.

"ಮಾಲಂ ಕಚಲ್ಲಾನ ಗೋರಿ ಎಲ್ಲಿದೆ, ಅಜ್ಜಾ?" ಎಂದು ಕೆಲ್ಲು ಕೇಳಿದಳು.

ಮುದುಕ ತಲೆಯೆತ್ತಿದ. ಬುಲಾಮಾ ಅವನ ಮುಖವನ್ನೇ ನೋಡಿದ. "ಅಣ್ಣ..." ಎಂದು ನೆಲದ ಮೇಲೇ ಕೂತುಬಿಟ್ಟ.

ಕೆಲ್ಲು ಮುದುಕನ ಎದುರಿಗೆ ಬಂದು ನಿಂತಳು. "ನೀನು ಸತ್ತೆ ಅಂದ್ರು."

"ನಾನೇ ಹಾಗೆ ಹೇಳಿಸಿದೆ, ಮಗಳೇ. ಮೆಕ್ಕಾಕ್ಕೆ ದಾಟಬೇಕಾದ ಸಮುದ್ರ ಇನ್ನೂ ಹದಿನೈದಿಪ್ಪತ್ತು ದಿನದ ದಾರಿ ಇತ್ತು. ಕಾಯಿಲೆ ಬಿದ್ದೆ. ಆಮೇಲೆ ಪಾಠ ಹಿಡಿದೆ. ಮುಂದಿನ ವರ್ಷ, ಮುಂದಿನ ವರ್ಷ ಅಂದೆ. ಹಜ್ ಮಾಡದೇ ಯಾವ ಮುಖ ಹೊತ್ತು ಊರಿಗೆ ಬರ್ಲಿ?"

"ಅವ್ವ ಒಂಬತ್ತು ವರ್ಷದಿಂದ ಸತ್ತೋನಿಗೆ ದುವಾ ಮಾಡ್ತಿದಾಳೆ. ಏಳು, ಮನೆಗೆ ಹೋಗೋಣ."

"ಹೊಳೆ ತುಂಬಿದೆ."

"ನಾವು ಅದನ್ನ ದಾಟಿಯೇ ಬಂದಿದ್ದು."

ಮರುವರ್ಷದ ಮಳೆಗೆ ಮೊದಲು, ಕುರಾನನ್ನೂ ಹೊತ್ತು, ಮೂವರೂ ಬೊರ್ನೊ ಮುಟ್ಟಿದರು. ಯಗಾನಾ ಅಂಗಳದಲ್ಲಿ ಸಜ್ಜೆ ಕುಟ್ಟುತ್ತಿದ್ದಳು. ಒನಕೆ ನಿಂತಿತು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸಮುದ್ರ ನೋಡಿದ್ಯಾ?"

"ಇಲ್ಲ."

ಅವಳು ಒರಳಿಗೆ ಅವನ ಪಾಲಿನ ಇನ್ನೊಂದು ಬೊಗಸೆ ಸಜ್ಜೆ ಸುರಿದು ಕುಟ್ಟತೊಡಗಿದಳು. ಕೆಲ್ಲು ಹಿಮ್ಮಡಿ ಒಡೆದ ಕಾಲು ಚಾಚಿ ಗೋಡೆಗೊರಗಿದಳು.