ಬಂಡೆಯ ಎದೆಯ ಬಣ್ಣ

ಮಗಳ ಬೆನ್ನಿಗೆ ಬಣ್ಣ ಬಳಿಯುತ್ತ ಅವಳು ಸೊಂಟದವರೆಗೆ ಬಂದಿದ್ದಳು. ಸ್ಪಂಜು ಮೇಲಿನಿಂದ ಕೆಳಗೆ, ಒಂದೇ ಎಳೆತ. ಅಡ್ಡ ಎಳೆದರೆ ವೇದಿಕೆಯ ದೀಪಕ್ಕೆ ಪಟ್ಟೆ ಕಾಣುತ್ತದೆ. ದೇಹದಾರ್ಢ್ಯ ಸ್ಪರ್ಧೆಗಳಲ್ಲಿ ಸ್ನಾಯು ಎದ್ದು ಕಾಣಲು ಸ್ಪರ್ಧಿಗಳ ಮೈಗೆ ಕಂದು ಬಣ್ಣ ಹಚ್ಚುವುದು, ಹದಿನೆಂಟು ವರ್ಷದಿಂದ ಇದೇ ಕೆಲಸ. ಎಲ್ಲರ ಬಾಯಲ್ಲೂ ಅವಳು ಬಣ್ಣದಕ್ಕ.

"ಅಮ್ಮಾ, ಕಾಲು."

ಮಗಳ ಮೀನಖಂಡ ಸೆಳೆತಕ್ಕೆ ಕಲ್ಲಾಗಿತ್ತು. ಅವಳು ಕೂತು ಹೆಬ್ಬೆರಳಿನಿಂದ ಒತ್ತಿದಳು.

"ಒಂದು ಗುಟುಕು ನೀರು ಕುಡಿ."

"ವೇದಿಕೆ ಇಳಿಯೋವರೆಗೂ ಬೇಡ ಅಂದಿದಾರೆ ಕೋಚ್."

"ಸೆಳೆತ ಕೋಚ್ ಕಾಲಿಗೆ ಬಂದಿಲ್ಲವಲ್ಲ."

"ನಿನಗೆ ಅರ್ಥ ಆಗಲ್ಲ ಬಿಡು."

ನೀರು ಇಳಿದಷ್ಟೂ ಚರ್ಮ ತೆಳುವಾಗಿ ಸ್ನಾಯು ಎದ್ದು ಕಾಣುತ್ತದೆ. ಅದಕ್ಕೇ ಕೋಚ್ ಕೊಡುವ, ಮೈಯ ನೀರಿಳಿಸುವ ಮಾತ್ರೆ. ನಿನ್ನೆಯಿಂದ ಹುಡುಗಿಯ ತುಟಿ ಬಿರಿದಿತ್ತು. ಅರ್ಥವಾಗದೆ ಏನು.

ಆಗ ಹೊರಗೆ ಹೋಟೆಲಿನ ಪಡಸಾಲೆಯಲ್ಲಿ ಯಾರೋ ಬೇರೊಂದು ಕೋಣೆಯ ಬಾಗಿಲು ಬಡಿದರು. ಬಡಿಯುತ್ತಲೇ ಇದ್ದರು. ಬೆಳಿಗ್ಗೆ ಗಂಟೆ ಎಂಟು.

ಬಡಿಯುತ್ತಿದ್ದವನು ಕೋಚ್. ಹೋಟೆಲಿನ ಮ್ಯಾನೇಜರ್ ಬೇರೆ ಕೀಲಿ ತಂದು ಏಳನೆಯ ಕೋಣೆ ತೆರೆದ. ಮಂಚದ ಮೇಲೆ, ದಿಂಬಿಗೆ ಒರಗಿ ಬಂಡೆ ಕೂತಿದ್ದ. ಕಣ್ಣು ತೆರೆದಿತ್ತು. ಮೈ ತಣ್ಣಗಾಗಿತ್ತು.

*

ಬಂಡೆ ಎಂದೇ ಎಲ್ಲರೂ ಕರೆಯುತ್ತಿದ್ದ ಅವನು ಐದು ಸಲದ ಚಾಂಪಿಯನ್. ವಯಸ್ಸು ನಲವತ್ತೊಂದು. ವೇದಿಕೆಯ ಹೊರಗೆ ಅವನು ಪ್ರೋಟೀನ್ ಡಬ್ಬದ ಮೇಲಿನ ಚಿತ್ರ, ಜಿಮ್‌ಗಳ ಉದ್ಘಾಟನೆಯಲ್ಲಿ ಅಂಗಿ ಬಿಚ್ಚಿ ತೋಳು ಮಡಚುವವನು. ತಿಂಗಳಿಗೆರಡು ಸಲ ಟೋಪಿ ಕೆಳಗೆಳೆದುಕೊಂಡು ಮೂತ್ರಪಿಂಡದ ಡಾಕ್ಟರ ಬಾಗಿಲಲ್ಲಿ ಕೂರುವವನು.

ಇನ್‌ಸ್ಪೆಕ್ಟರ್ ಹೆಂಗಸು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಪಡಸಾಲೆಯ ತುಂಬ ಕಂದು ಬಣ್ಣದ ಬರಿಮೈ ಗಂಡಸರು ಗೋಡೆಗೆ ತಾಗದಂತೆ ನಿಂತಿದ್ದರು.

"ಇಲ್ಲಿ ಬೆರಳಚ್ಚು ಹುಡುಕೋ ಕೆಲಸವೇ ಇಲ್ಲ," ಎಂದಳು. "ಎಲ್ಲರೂ ಬಿಟ್ಟಿ ಕೊಡ್ತಿದ್ದಾರೆ."



ಪೊಲೀಸ್ ಡಾಕ್ಟರು ರಾತ್ರಿ ಸುಮಾರು ಹನ್ನೆರಡಕ್ಕೆ ಹೃದಯ ನಿಂತಿದೆ ಎಂದರು. ನೀರಿಳಿಸುವ ಮಾತ್ರೆ ಅತಿಯಾಗಿರಬಹುದು.

"ಹೇಳಿದಷ್ಟೇ ತಗೋ ಅಂದಿದ್ದೆ," ಎಂದ ಕೋಚ್. ಅವನ ಕಣ್ಣು ಕೆಂಪಾಗಿತ್ತು. "ರಾತ್ರಿ ಹತ್ತಕ್ಕೆ ನೋಡಿದ್ದೇ ಕೊನೆ. ಆಮೇಲೆ ಈಗ್ಲೇ ನೋಡ್ತಿರೋದು."

ಆದರೆ ಬಂಡೆಯ ಚೀಲದಲ್ಲಿ ಮಾತ್ರೆಗಳು ಲೆಕ್ಕಕ್ಕೆ ಸರಿಯಾಗಿದ್ದವು. ಅತಿಯಾದ ಮಾತ್ರೆ ಎಲ್ಲಿಂದ ಬಂತು?

ಹಿಂದಿನ ಸಂಜೆ ಗೂಳಿ ಎಂಬ ಎದುರಾಳಿ ಪಡಸಾಲೆಯಲ್ಲೇ ಕೂಗಾಡಿದ್ದ: "ನಾಳೆ ನೀನು ವೇದಿಕೆ ಹತ್ತು, ನೋಡ್ಕೋತೀನಿ." ಹತ್ತು ಜನ ಕೇಳಿದ್ದರು. ಇನ್‌ಸ್ಪೆಕ್ಟರ್ ಅವನನ್ನು ಒಂದು ಗಂಟೆ ಕೂರಿಸಿಕೊಂಡಳು. ಅಷ್ಟು ದೊಡ್ಡ ಮನುಷ್ಯ ಅಳುತ್ತ ಹೊರಬಂದು ಬಣ್ಣದಕ್ಕನ ಎದುರು ನಿಂತ.

"ಎರಡನೇ ಸ್ಥಾನದಲ್ಲೇ ನನ್ನ ಆಯಸ್ಸು ಮುಗೀತಲ್ಲಕ್ಕ, ಅದಕ್ಕೆ ಕೂಗಾಡಿದೆ," ಎಂದ. "ಇನ್ನು ಗೆದ್ದರೂ ಯಾರನ್ನ ಗೆದ್ದ ಹಾಗೆ?"

*

ಬಣ್ಣದಕ್ಕನನ್ನು ಕರೆದದ್ದು ಬಂಡೆಯನ್ನು ಕೊನೆಗೆ ಮುಟ್ಟಿದವಳೆಂದು. ಹಿಂದಿನ ಸಂಜೆ ಆರಕ್ಕೆ ಅವಳೇ ಬಣ್ಣ ಹಚ್ಚಿದ್ದಳು.

ಅವಳು ಮಂಚದ ಬಳಿ ನಿಂತಳು. ಭುಜದ ಅಳತೆ, ಪಕ್ಕೆಯ ಮಚ್ಚೆ, ಎಲ್ಲ ಅವಳ ಕೈಗೆ ಗೊತ್ತು. ಎದೆಯ ಮೇಲೆ ಕಣ್ಣು ನಿಂತಿತು.

"ಆ ಪರದೆ ಸರಿಸ್ತೀರಾ?"

ಬೆಳಕು ಬಿತ್ತು.

"ಇದು ನನ್ನ ಕೈಯಲ್ಲ," ಎಂದಳು.

"ಅಂದ್ರೆ?"

"ಗದ್ದದಿಂದ ಎದೆಯವರೆಗೆ ಯಾರೋ ತಿದ್ದಿದ್ದಾರೆ. ಅಡ್ಡಡ್ಡ ಎಳೆದಿದ್ದಾರೆ. ನಾನು ಹಾಗೆ ಎಳೆಯಲ್ಲ."

"ಅವರೇ ತಿದ್ದಿಕೊಂಡಿರಬಹುದು."

"ಬಣ್ಣ ನೋಡಿ. ಮೈಯೆಲ್ಲ ಕೆಂಪು ಛಾಯೆ. ಇಲ್ಲಿ ಮಾತ್ರ ಹಸಿರು ಛಾಯೆ. ಹಳೇ ಬಾಟಲಿ ನಿನ್ನೆ ಇವನ ಕಾಲಿಗೇ ಮುಗೀತು. ಹೊಸದನ್ನ ನಾನು ಒಡೆದದ್ದು ಇವತ್ತು ಬೆಳಿಗ್ಗೆ ಆರಕ್ಕೆ, ಮಗಳಿಗೆ ಹಚ್ಚೋಕೆ."

ಇನ್‌ಸ್ಪೆಕ್ಟರ್ ಕನ್ನಡಕ ಮೇಲೇರಿಸಿದಳು.

"ಇವರು ಸತ್ತದ್ದು ಹನ್ನೆರಡಕ್ಕೆ."

"ಹೌದು. ಸತ್ತ ಮೇಲೆ ತಿದ್ದಿದ್ದಾರೆ."

"ಹೊಸ ಬಾಟಲಿಯಿಂದ ಯಾರಿಗೆ ಕೊಟ್ರಿ?"

"ಒಬ್ಬರಿಗೇ. ಆರೂವರೆಗೆ ಕೋಚ್ ಬಂದು ಒಂದು ಬಟ್ಟಲು ಬಣ್ಣ, ಒಂದು ಸ್ಪಂಜು ತಗೊಂಡು ಹೋದರು."

"ಏನನ್ನ ಮುಚ್ಚೋಕೆ ತಿದ್ದಿದರು?"

"ನೀರಿನ ಗೆರೆ. ಹಸಿ ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಬಿಳಿ ಗೆರೆ ಇಳಿಯುತ್ತೆ. ಇವನು ಒಂದೂವರೆ ದಿನದಿಂದ ಬಾಟಲಿ ಮುಚ್ಚಳದಲ್ಲಿ ನೀರು ಅಳೆದು ನಾಲಿಗೆ ಒದ್ದೆ ಮಾಡ್ಕೋತಿದ್ದ, ಅಷ್ಟೇ. ಲೋಟಗಟ್ಟಲೆ ಕುಡಿದಿದ್ದಾನೆ ಅಂದ್ರೆ ಯಾರೋ ಕುಡಿ ಅಂದಿದ್ದಾರೆ. ಗೂಳಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಹೆಂಡತಿ ಕೊಟ್ಟರೂ ಮುಟ್ಟುತ್ತಿರಲಿಲ್ಲ. ನೀರು ಯಾವಾಗ ಅಂತ ಇವರಿಗೆಲ್ಲ ಹೇಳೋದು ಒಬ್ಬರೇ."

*

ಕೋಚ್ ಚೀಲದಲ್ಲಿ ಟವೆಲ್ ಸುತ್ತಿದ ನೀರಿನ ಲೋಟ ಸಿಕ್ಕಿತು. ತಳದಲ್ಲಿ, ರಾತ್ರಿ ನೀರಿಗೆ ಬೆರೆಸಿ ಕುಡಿಸಿದ ಮಾತ್ರೆಯ ಬಿಳಿ ಪುಡಿ. ಬೆಳಿಗ್ಗೆ ಆರರ ಹೊತ್ತಿಗೆ ಅದನ್ನೇ ತರಲು ತನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಒಳಹೊಕ್ಕಿದ್ದ.

"ಲೋಟ ಮಾತ್ರ ತಗೊಂಡು ಹೋಗಿದ್ರೆ ನಾವು ಮಾತ್ರೆ ಜಾಸ್ತಿ ಆಯ್ತು ಅಂತ ಬರೆದು ಎದ್ದು ಹೋಗ್ತಿದ್ದೆವೇನೋ," ಎಂದಳು ಇನ್‌ಸ್ಪೆಕ್ಟರ್. "ಮತ್ತೆ ಬಣ್ಣ ತರೋಕೆ ಯಾಕೆ ಹೋದ್ರಿ?"

ಕೋಚ್ ತನ್ನ ಅಂಗೈ ನೋಡಿಕೊಂಡ. ಹದಿನೇಳರ ಹುಡುಗನನ್ನು ಮೂಟೆ ಹೊರುವ ಕೆಲಸದಿಂದ ಬಿಡಿಸಿ ತಂದು ಬಂಡೆ ಮಾಡಿದವನು ಅವನೇ.

"ಎದೆ ಪೂರ್ತಿ ಗೆರೆ ಗೆರೆ ಆಗಿತ್ತು," ಎಂದ. "ಹಾಗೇ ಬಿಟ್ಟು ಜನ ನೋಡಬೇಕಿತ್ತಾ?"

ಬಾಗಿಲ ಬಳಿ ನಿಂತಿದ್ದ ಬಣ್ಣದಕ್ಕ ಒಳಗೆ ಬಂದಳು.

ಕೊಲೆಯ ಕಾರಣವನ್ನು ಅವಳೇ ಹೇಳಬೇಕಾಯಿತು. ಬಣ್ಣ ಹಚ್ಚಿಸಿಕೊಳ್ಳುತ್ತ ಬಂಡೆ ಹೇಳಿದ್ದ: "ನಾಳೆ ಮೈಕ್ ಕೊಟ್ಟರೆ ಎಲ್ಲ ಹೇಳಿಬಿಡ್ತೀನಕ್ಕ. ನನ್ನ ಕಿಡ್ನಿ ಹೇಗೆ ಹೋಯ್ತು, ಯಾರ ಮಾತ್ರೆ ಅಂತ. ಹೊಸಬರಾದ್ರೂ ಉಳೀಲಿ."

"ಅದು ಕೋಚ್‌ಗೆ ಹೇಗೆ ಗೊತ್ತಾಯ್ತು?"

"ನಾನೇ ಹೇಳಿದೆ," ಎಂದಳು. "ಮಗಳ ಮೊದಲ ದೊಡ್ಡ ಸ್ಪರ್ಧೆ. ಗಲಾಟೆ ಆಗದ ಹಾಗೆ ಅವನಿಗೆ ಸಮಾಧಾನ ಹೇಳಿ ಅಂದೆ."

ಇನ್‌ಸ್ಪೆಕ್ಟರ್ ಅದನ್ನೂ ಬರೆದುಕೊಂಡಳು. ತಲೆ ಎತ್ತಿ ನೋಡಲಿಲ್ಲ.

*

ಸ್ಪರ್ಧೆ ನಿಲ್ಲಲಿಲ್ಲ. ಒಂದು ನಿಮಿಷ ಮೌನ, ಮೂರಕ್ಕೆ ಆರಂಭ ಎಂದು ಸಂಘಟಕರು ಸಾರಿದರು.

ಕೋಣೆಯಲ್ಲಿ ಮಗಳು ತೋಳುಗಳನ್ನು ಮೈಗೆ ತಾಗಿಸದೆ ನಿಂತೇ ಇದ್ದಳು. ಅತ್ತಿದ್ದಳು, ಕೆನ್ನೆಗೆ ಇಳಿಯದಂತೆ ಬಗ್ಗಿ ನೆಲಕ್ಕೆ ಅತ್ತಿದ್ದಳು.

"ಮಾತ್ರೆ ತಗೊಂಡ್ಯಾ?"

"ಬೆಳಿಗ್ಗೆ ಎರಡು. ಇನ್ನೆರಡು ಎರಡು ಗಂಟೆಗೆ."

"ಆ ಕೋಚ್ ಕೊಟ್ಟಿದ್ದು."

"ಮಾತ್ರೆ ಏನು ಮಾಡಿತಮ್ಮ? ಕೊಂದಿದ್ದು ಅವರು."

"ಇವತ್ತು ಬೇಡ ಪುಟ್ಟಿ. ಮುಂದಿನ ವರ್ಷ ನೋಡೋಣ."

"ನಾಲ್ಕು ವರ್ಷ ಮಣ್ಣುಪಾಲು ಮಾಡಲಾ? ನೀನು ಬೇಡ ಅಂದ್ರೆ ಬೇರೆಯವರ ಹತ್ರ ಹಚ್ಚಿಸ್ಕೋತೀನಿ." ಸೆಳೆತಕ್ಕೆ ಮಾತು ತುಂಡಾಯಿತು. ಹಲ್ಲು ಕಚ್ಚಿ ನಿಂತಳು. ಕುತ್ತಿಗೆಯಲ್ಲಿ ನರ ಪಟಪಟ ಬಡಿಯುತ್ತಿತ್ತು. "ಬೇಗ ಮೂರನೇ ಸಲ ಹಚ್ಚು. ಗಂಟೆ ಒಂದಾಯ್ತು."

ಬಣ್ಣ ಕೆಟ್ಟರೆ ತೊಳೆದು, ಮೊದಲಿನಿಂದ ಹಚ್ಚಿ ಒಣಗಿಸಲು ಆರು ಗಂಟೆ ಬೇಕು. ಗೆರೆ ಇಳಿದ ಮೈಯನ್ನು ತೀರ್ಪುಗಾರರು ಪರದೆಯ ಹಿಂದಿನಿಂದಲೇ ವಾಪಸು ಕಳಿಸುತ್ತಾರೆ. ವಾಪಸು ಬಂದವರು ಮೊದಲು ಮಾಡುವ ಕೆಲಸ ಗಟಗಟ ನೀರು ಕುಡಿಯುವುದು. ಹದಿನೆಂಟು ವರ್ಷದಲ್ಲಿ ಎಷ್ಟು ಜನರನ್ನು ನೋಡಿದ್ದಳು.

ಅವಳು ಗ್ಲೌಸ್ ಹಾಕಿಕೊಂಡಳು. ಮೇಜಿನ ಮೇಲೆ ಬಣ್ಣದ ಬಾಟಲಿ. ಕೆಳಗೆ ಕೈ ತೊಳೆಯುವ ಬಕೆಟ್ಟು.

"ಆ ಕಡೆ ತಿರುಗು," ಎಂದಳು.

ಮಗಳು ಬೆನ್ನು ಕೊಟ್ಟಳು. ಅವಳು ಬಗ್ಗಿ ಸ್ಪಂಜನ್ನು ಬಕೆಟ್ಟಿನಲ್ಲಿ ಅದ್ದಿದಳು. ಅದು ನೀರು ಕುಡಿದು ಭಾರವಾಗುವವರೆಗೆ ಕಾದಳು.

"ತುಂಬಾ ತಣ್ಣಗಿದೆಯಲ್ಲಮ್ಮ."

"ಹೊಸ ಬಾಟಲಿ ಹಾಗೇ," ಎಂದಳು. ಮೇಲಿನಿಂದ ಕೆಳಗೆ, ಒಂದೇ ಎಳೆತ.