ಹಬೆಕೋಣೆಯ ಬೆಣೆ

ಶನಿವಾರ ಸಂಜೆ ಐದೂವರೆಗೆ ದೂರು ಠಾಣೆಗೆ ಬಂತು. ತಂದವರು ಇಬ್ಬರು: ಅಂದು ಮಧ್ಯಾಹ್ನವಷ್ಟೇ ಗಂಡನನ್ನು ಕಳೆದುಕೊಂಡ ಹೆಂಗಸು, ಮತ್ತು ಆಕೆಯ ತಮ್ಮ. ಅಕ್ಕ ಅಳುತ್ತಲೇ ಇದ್ದುದರಿಂದ ದೂರನ್ನು ತಮ್ಮನೇ ಬರೆದ. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಹೆದ್ದಾರಿಯಿಂದ ಒಳಗೆ, ಹೊಲಗಳ ನಡುವೆ ಇರುವ ಹೋಟೆಲಿನ ಕ್ಲಬ್ಬಿನಲ್ಲಿ, ಲಾರಿ ಮಾಲೀಕರಾದ ತನ್ನ ಭಾವ ಹಬೆಕೋಣೆಯೊಳಗೆ ಸಿಕ್ಕಿಹಾಕಿಕೊಂಡು ಸತ್ತಿದ್ದಾರೆ. ಹೊರಗಿನಿಂದ ಬಾಗಿಲಿಗೆ ಬೆಣೆ ಹಾಕಲಾಗಿತ್ತು. ಹೋಟೆಲಿನವರ ನಿರ್ಲಕ್ಷ್ಯವೇ ಇದಕ್ಕೆ ಕಾರಣ.

ಇನ್‌ಸ್ಪೆಕ್ಟರ್ ಓದಿ ತಲೆಯೆತ್ತಿದಳು. ಆ ಠಾಣೆಗೆ ಬಂದು ಆಕೆಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಳುವವರ ಎದುರು ಪ್ರಶ್ನೆ ಕೇಳುವುದು ಇವತ್ತಿಗೂ ಆಕೆಗೆ ಒಗ್ಗದ ಕೆಲಸ.

"ನೀವು ಅವರನ್ನ ಕೊನೆಗೆ ನೋಡಿದ್ದು ಯಾವಾಗ?"

"ಹನ್ನೆರಡು ಗಂಟೆಗೆ ಮೇಡಂ. ಭಾವ ಜಿಮ್ಮಲ್ಲಿ ಸೈಕಲ್ ತುಳೀತಾ ಇದ್ರು. ನಾನು ಆಫೀಸಿಗೆ ಹೊರಟೆ," ಎಂದ ತಮ್ಮ.

"ಏನಾದ್ರೂ ಅಂದ್ರಾ?"

"ಇಲ್ಲ."

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಪೈಲ್ವಾನ್ ಜೀಪು ತೆಗೆಸಿದ. ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದವನಿಗೆ ಠಾಣೆಯವರು ಪ್ರೀತಿಯಿಂದ ಇಟ್ಟ ಹೆಸರದು.

ಕ್ಲಬ್ಬಿನ ಮುಂಬಾಗಿಲಲ್ಲಿ ಮರುದಿನದ ಸಮಾರಂಭಕ್ಕೆ ಕಟ್ಟಿದ್ದ ಬಲೂನುಗಳು ಇನ್ನೂ ಹಾಗೇ ಇದ್ದವು. ಅಲ್ಲಿ ಋತುವಿಗೊಂದು ಸಡಗರ. ಬೇಸಿಗೆಗೆ ಈಜಿನ ಪಂದ್ಯ, ಮಳೆಗಾಲಕ್ಕೆ ಟೇಬಲ್ ಟೆನ್ನಿಸ್, ಚಳಿಗಾಲಕ್ಕೆ ತೂಕ ಇಳಿಸುವ ಸವಾಲು. ಭಾನುವಾರ ಬೆಳಿಗ್ಗೆ ಕೊನೆಯ ತೂಕ ಆಗಬೇಕಿತ್ತು. ಗೆದ್ದವರ ಫೋಟೊ ವರ್ಷವಿಡೀ ಸ್ವಾಗತದ ಗೋಡೆಯ ಮೇಲೆ.

"ಜೋಡಿ ಸವಾಲು ಮೇಡಂ ಇದು," ಎಂದ ತರಬೇತುದಾರ. ಅವನ ಬನಿಯನ್ನಿನ ಮೇಲೆ 'ಕರಗಬೇಕು, ಕರಗಬಾರದು' ಎಂದು ಬರೆದಿತ್ತು. ಪೈಲ್ವಾನ್ ಅದನ್ನು ಎರಡು ಸಲ ಓದಿಕೊಂಡ.

"ಹಾಗಂದ್ರೇನು?"

"ಒಬ್ಬ ಇಳಿಯೋನು, ಇನ್ನೊಬ್ಬ ಅವನ ಕಾವಲುಗಾರ. ಇಳಿಯೋನ ಮೈ ಕರಗಬೇಕು. ಅವನು ಅತ್ತರೂ ಕರೆದರೂ ಕಾವಲುಗಾರನ ಮನಸ್ಸು ಕರಗಬಾರದು. ತಿಂಡಿ ಕದಿಯೋದು, ಓಟ ತಪ್ಪಿಸೋದು, ಏನಕ್ಕೂ ಬಿಡಬಾರದು. ಜನಕ್ಕೆ ಅದೇ ಖುಷಿ ಮೇಡಂ. ಗಂಡನಿಗೆ ಹೆಂಡತಿ ಕಾವಲು, ಅಪ್ಪನಿಗೆ ಮಗಳು ಕಾವಲು."

"ಇವರಿಗೆ ಯಾರು?"

"ಅವರ ಬಾಮೈದ. ಯಾವಾಗ್ಲೂ ಭಾವನ ಹಿಂದೇನೇ ಇರ್ತಾನಲ್ಲ, ಬಾಲ ಅಂತೀವಿ ಎಲ್ಲರೂ. ನಿಜವಾದ ಹೆಸರು..." ತರಬೇತುದಾರ ಸ್ವಲ್ಪ ಯೋಚಿಸಿದ. "ನೆನಪಿಗೆ ಬರ್ತಿಲ್ಲ. ಅವನ ಭಾವನೇ ಬಾಲ ಅಂತ ಕರೀತಿದ್ರು, ನಾವೂ ಹಾಗೇ ರೂಢಿ ಮಾಡ್ಕೊಂಡ್ವಿ."

ಹಬೆಕೋಣೆ ಓಣಿಯ ಕೊನೆಯಲ್ಲಿತ್ತು. ಹೊರಗೆ ತೆರೆದುಕೊಳ್ಳುವ ಬಾಗಿಲು, ಅದರಲ್ಲಿ ಅಂಗೈಯಗಲದ ಮಂಕು ಗಾಜು. ಒಳಗೆ ಅಪಾಯದ ಗಂಟೆಗೆಂದು ಕೆಂಪು ಗುಂಡಿ ಇತ್ತು. ಪೈಲ್ವಾನ್ ಒತ್ತಿ ನೋಡಿದರೆ ಎಲ್ಲೂ ಸದ್ದಿಲ್ಲ. ಮಕ್ಕಳು ಸುಮ್ಮಸುಮ್ಮನೆ ಒತ್ತುತ್ತಾರೆಂದು ಮ್ಯಾನೇಜರ್ ವೈರು ಬಿಚ್ಚಿಸಿದ್ದನಂತೆ. ಪಂಚನಾಮೆಯಲ್ಲಿ ಅದೂ ಸೇರಿತು. ಮರದ ಬೆಣೆ ಒಂದು; ಬಾಗಿಲ ಮುಂದಿನ ಹೊಸ ಟೈಲ್ಸಿನ ಮೇಲೆ ಉದ್ದದ ಗೀರು ಒಂದು; ಬಾಗಿಲ ಒಳಮೈಯಲ್ಲಿ ಕೈಗಳ ಗುರುತು.

ಪೈಲ್ವಾನ್ ಆ ಗುರುತುಗಳನ್ನು ಬರೆದುಕೊಂಡ. ಓಣಿಯ ಗೋಡೆಗೆ ಆತು ಕುಳಿತಿದ್ದ ಹೆಂಗಸೊಬ್ಬಳು ಎದ್ದು ಬಂದಳು.

"ನಾನೇ ಮೇಡಂ. ನಾನೇ ಕೊಂದಿದ್ದು."

ಅವಳು ಟವೆಲಮ್ಮ. ಬಂದವರಿಗೆ ಟವೆಲು ಕೊಡುವುದು, ನೆಲ ಒರೆಸುವುದು, ಹಬೆಕೋಣೆ ನೋಡಿಕೊಳ್ಳುವುದು ಅವಳ ಕೆಲಸ. ಬಾಗಿಲಿನ ಅಯಸ್ಕಾಂತ ಸಡಿಲವಾಗಿ ತಾನಾಗೇ ತೆರೆದುಕೊಂಡು, ಒಳಗೆ ಉಳಿದ ಹಬೆ ಓಣಿಗೆ ಬಂದು ಬೆಂಕಿಯ ಅಲಾರಂ ಕೂಗುತ್ತಿತ್ತು. ಅದಕ್ಕೇ ದಿನಾ ಮಧ್ಯಾಹ್ನ ಒಂದು ಗಂಟೆಗೆ ಕ್ಲಬ್ಬು ಮುಚ್ಚುವಾಗ ಹಬೆ ಆರಿಸಿ ಬಾಗಿಲಿಗೆ ಬೆಣೆ ಹಾಕುತ್ತಿದ್ದಳು. ನಾಲ್ಕಕ್ಕೆ ತೆರೆಯುವಾಗ ತೆಗೆಯುತ್ತಿದ್ದಳು. ಇವತ್ತು ತೆಗೆದಾಗ ಒಳಗೆ ಅವರು ಬಿದ್ದಿದ್ದರು.

"ಒಳಗೆ ನೋಡದೆ ಹಾಕಿದ್ಯಾ?"

"ನೋಡ್ದೇ ಹಾಕಿರಬೇಕು. ದಿನಾ ನೋಡ್ತೀನಿ. ಇವತ್ತು ಹೆಂಗೆ ಬಿಟ್ಟೆ ಗೊತ್ತಿಲ್ಲ. ನನ್ನನ್ನ ಕರ್ಕೊಂಡು ಹೋಗಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್‌ಸ್ಪೆಕ್ಟರ್ ಕಂಡಿದ್ದಳು. ಇವಳು ಯಾರೂ ಏನೂ ಅನ್ನುವ ಮೊದಲೇ ಹೆಗಲು ಒಡ್ಡಿ ನಿಂತಿದ್ದಳು. ಮ್ಯಾನೇಜರನ ಮುಖಕ್ಕೆ ಬಣ್ಣ ಮರಳಿ ಬಂತು. ಬೆಣೆ ಸಿಕ್ಕಿತು, ಹಾಕಿದ ಕೈಯೂ ಸಿಕ್ಕಿತು. ಇನ್‌ಸ್ಪೆಕ್ಟರಿಗೂ ಒಳಗೊಳಗೇ ಹಗುರವೆನಿಸಿತು. ಆ ಹಗುರದ ನೆನಪಿಗೇ ಆಮೇಲೆ ಆಕೆ ಬಹಳ ದಿನ ನಾಚಿಕೊಂಡಳು.

ಭಾನುವಾರ ಬೆಳಿಗ್ಗೆ ಟವೆಲಮ್ಮನ ಬಂಧನವಾಯಿತು. ಅಷ್ಟರಲ್ಲೇ ಹೋಟೆಲಿನವರು ಅವಳನ್ನು ಕೆಲಸದಿಂದ ತೆಗೆದಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದ ಅವಳು ಕೇಳಿದ್ದು ಒಂದೇ ಮಾತು: "ಗಂಡನ್ನ ಕಳ್ಕೊಂಡ ಆ ಅಮ್ಮನ ಕಾಲು ಹಿಡೀಬಹುದಾ?" ಮಧ್ಯಾಹ್ನ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಅದಕ್ಕೂ ಮೊದಲು ಘಟನೆಯನ್ನು ಸ್ಥಳದಲ್ಲಿ ತೋರಿಸುವ ಪಂಚನಾಮೆ ಬಾಕಿಯಿತ್ತು. ಬರೀ ಕಾಗದದ ಶಾಸ್ತ್ರ ಎಂದುಕೊಂಡೇ ಇನ್‌ಸ್ಪೆಕ್ಟರ್ ಹೊರಟಳು.

ಪೈಲ್ವಾನ್ ಚೀಲದಿಂದ ಬೆಣೆ ತೆಗೆದು ಟವೆಲಮ್ಮನ ಕೈಗೆ ಕೊಟ್ಟ.

"ದಿನಾ ಹೆಂಗೆ ಹಾಕ್ತಿದ್ದೆ, ಹಂಗೇ ಹಾಕಿ ತೋರಿಸಮ್ಮ."

ಅವಳು ಬೆಣೆ ಹಿಡಿದು ಬಾಗಿಲ ಹತ್ತಿರ ಹೋಗಲಿಲ್ಲ. ಟವೆಲಿನ ಕಪಾಟಿನ ಕಡೆ ತಿರುಗಿ, ಅದರ ಹಿಂದಿನ ಮೊಳೆಯಿಂದ ಒಂದು ಹಳೆಯ ಕಾಲುಚೀಲ ತೆಗೆದು, ಬೆಣೆಗೆ ತೊಡಿಸತೊಡಗಿದಳು.

"ಏನಮ್ಮ ಅದು?" ಇನ್‌ಸ್ಪೆಕ್ಟರ್ ಕೇಳಿದಳು.

"ಕಾಲುಚೀಲ ಮೇಡಂ. ಬರೀ ಬೆಣೆ ಹಾಕಿದ್ರೆ ಟೈಲ್ಸ್ ಗೀರತ್ತೆ. ಹೊಸ ಟೈಲ್ಸು ಹಾಕಿದಾಗ್ಲೇ ಮ್ಯಾನೇಜರ್ ಹೇಳಿದ್ರು, ಗೀರಿದ್ರೆ ನಿನ್ನ ಮನೇಗೆ ಕಳಿಸ್ತೀನಿ ಅಂತ. ಒದ್ದೆ ಆಗತ್ತಲ್ಲ, ತೆಗೆದು ಇಲ್ಲೇ ಒಣಗಾಕ್ತೀನಿ."

"ನಿನ್ನೆ ಹಾಕಿದ ಬೆಣೆಗೆ ಕಾಲುಚೀಲ ಇತ್ತಾ?"

"ದಿನಾ ಹಾಕ್ತೀನಿ ಮೇಡಂ."

"ನಿನ್ನೆ ನಾಲ್ಕಕ್ಕೆ ನೀನೇ ಬೆಣೆ ಕಿತ್ತೆ. ಅದರಲ್ಲಿ ಇತ್ತಾ?"

ಟವೆಲಮ್ಮ ಕೈಯಲ್ಲಿದ್ದ ಬೆಣೆಯನ್ನೇ ನೋಡುತ್ತ ನಿಂತಳು. ಪೈಲ್ವಾನ್ ನೆಲಕ್ಕೆ ಕೂತು ಆ ಗೀರಿನ ಮೇಲೆ ಬೆರಳಾಡಿಸಿದ.

"ಇರ್ಲಿಲ್ಲ," ಎಂದಳು ಅವಳು. "ನಾನು ಒರೆಸ್ತಾ ಒರೆಸ್ತಾ ಇಲ್ಲಿಗೆ ಬಂದಾಗ ಬೆಣೆ ಹಾಕೇ ಇತ್ತು. ಆಗ್ಲೇ ಹಾಕಿದೀನಲ್ಲ ಅಂದ್ಕೊಂಡೆ. ಹಬೆ ಆರಿಸ್ಬಿಟ್ಟು ಹೋದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಎಂದು ಇನ್‌ಸ್ಪೆಕ್ಟರಿಗೆ ಮೈ ಬಿಸಿಯಾಯಿತು. ಬರೆ ಹಾಕಿದ್ದು ತಾನೇ. ಸ್ವಾಗತದ ಮೇಜಿನ ಮೇಲೊಂದು ಕ್ಯಾಮೆರಾ ಇತ್ತು. ಒಪ್ಪಿಕೊಂಡವಳು ಕೈಗೆ ಸಿಕ್ಕಿದ ಮೇಲೆ ಅದನ್ನು ನೋಡುವ ಉಸಾಬರಿಗೆ ಯಾರೂ ಹೋಗಿರಲಿಲ್ಲ. ಆಕೆ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

ಶನಿವಾರ ಹನ್ನೆರಡಕ್ಕೆ ಯಾರೂ ಹೊರಗೆ ಹೋಗಿರಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಬಾಲ ಓಣಿಯಿಂದ ಬಂದ. ಗಾಜಿನ ಬಾಗಿಲಿಗೆ ಕೈಯಿಟ್ಟ. ನಿಂತ. ವಾಪಸ್ ಓಣಿಯ ಬಾಯಿಗೆ ಹೋಗಿ ಕತ್ತು ಚಾಚಿ ಕೇಳಿಸಿಕೊಂಡ. ಮತ್ತೆ ಬಾಗಿಲಿಗೆ ಬಂದ, ಮತ್ತೆ ಹೋದ. ಕೊನೆಗೆ ಓಡುವವನ ಹಾಗೆ ಹೊರಬಿದ್ದ. ಜಿಮ್ಮಿನಲ್ಲಿ ಕುಣಿತದ ತರಗತಿಯ ಸಂಗೀತ ಅಬ್ಬರಿಸುತ್ತಿತ್ತು. ಓಣಿಯ ಕೊನೆಯ ಸದ್ದು ಬೇರೆ ಯಾರಿಗೂ ಕೇಳುವ ಹಾಗಿರಲಿಲ್ಲ.

ಅವನನ್ನು ಠಾಣೆಗೆ ಕರೆಸಿದರು. ಕರೆದ ಕೂಡಲೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕೆಂಪಾದ ಕಣ್ಣು.

"ನೀವು ಕಾವಲುಗಾರ ಅಲ್ವಾ? ಕಾವಲು ಬಿಟ್ಟು ಹನ್ನೆರಡಕ್ಕೇ ಹೊರಟ್ರಾ?"

"ಹೌದು ಮೇಡಂ."

"ಕ್ಯಾಮೆರಾ ಬೇರೆ ಹೇಳತ್ತೆ. ಬಾಗಿಲ ತನಕ ಬಂದು ಬಂದು ವಾಪಸ್ ಹೋಗಿದೀರ. ಏನು ಮರೆತಿದ್ರಿ?"

ಅವನು ಅಂಗಿಯ ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ. ಇನ್‌ಸ್ಪೆಕ್ಟರ್ ಮಾತು ಬದಲಿಸಿದಳು.

"ಟವೆಲಮ್ಮನ್ನ ಬಂಧಿಸಿದೀವಿ. ಗೊತ್ತಲ್ಲ?"

"ಗೊತ್ತು," ಎಂದ. ಆಮೇಲೆ, "ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ ಮೇಡಂ," ಎಂದು ಮುಖ ಮುಚ್ಚಿಕೊಂಡ.

ಪೈಲ್ವಾನ್ ನೀರು ತಂದಿಟ್ಟ. ಅವನು ಕುಡಿಯಲಿಲ್ಲ. ಮಾತು ಮಾತ್ರ ಕಟ್ಟೆಯೊಡೆದ ಹಾಗೆ ಬಂತು.

"ಭಾವನೇ ಹೇಳಿದ್ದು. ಇನ್ನೂ ಒಂದಿಷ್ಟು ತೂಕ ಇಳೀಬೇಕು, ನೀರಾದ್ರೂ ಹೋಗ್ಲಿ ಅಂತ ಹಬೆಗೆ ಹೋದ್ರು. 'ಏ ಬಾಲ, ಬಾಗಿಲಿಗೆ ಆ ಬೆಣೆ ಹಾಕು. ನನಗೆ ಹಟ ಕಮ್ಮಿ, ಸುಡೋಕೆ ಶುರುವಾದ್ರೆ ಓಡಿ ಬಂದ್ಬಿಡ್ತೀನಿ. ಕಾಲು ಗಂಟೆ ಆಗೋ ತನಕ ಎಷ್ಟು ಬಡಿದ್ರೂ ತೆಗೀಬೇಡ. ತೆಗೆದ್ರೆ ಚರ್ಮ ಸುಲೀತೀನಿ' ಅಂದ್ರು."

"ಬಡಿದ್ರಾ?"

"ಬಡಿದ್ರು. ಬೈದ್ರು. ಬೈಗುಳ ನನಗೆ ದಿನದ ಊಟ ಮೇಡಂ. ಅದಕ್ಕೇನೂ ಅನ್ನಿಸಲಿಲ್ಲ. ಆಮೇಲೆ..."

"ಆಮೇಲೆ?"

"ಹೆಸರು ಹಿಡಿದು ಕರೆದ್ರು."

ಅಕ್ಕನ ಮದುವೆಯಾದ ಬೆನ್ನಲ್ಲೇ ಅವನು ಭಾವನ ಲಾರಿ ಆಫೀಸಿಗೆ ಸೇರಿದ್ದ. ಅಂದಿನಿಂದ ಗಿರಾಕಿಗಳ ಎದುರು, ಡ್ರೈವರುಗಳ ಎದುರು, ಅವನಿಗೆ ಹೆಣ್ಣು ಕೊಡಲು ಬಂದವರ ಎದುರು, ಎಲ್ಲರೆದುರೂ ಬಾಲ. ಬಂದವರು ನಕ್ಕು ಕಾಫಿ ಕುಡಿದು ಹೋದರು, ಮತ್ತೆ ಬರಲಿಲ್ಲ. ಅದನ್ನು ಅವನು ದೂರಿನ ಹಾಗೆ ಹೇಳಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದ.

"ಹೆಸರು ಹಿಡಿದು ಏನಂದ್ರು?"

"ತೆಗಿಯಪ್ಪಾ ಅಂದ್ರು. ನಿನ್ನ ದಮ್ಮಯ್ಯ ಅಂದ್ರು."

"ಅಷ್ಟೊತ್ತಿಗೆ ಕಾಲು ಗಂಟೆ ಆಗಿತ್ತಾ?"

"ಆಗಿಹೋಗಿತ್ತು."

ಪೈಲ್ವಾನನ ಪೆನ್ನು ನಿಂತಿತು.

"ಮತ್ತೆ ಯಾಕೆ ತೆಗೀಲಿಲ್ಲ?"

"ಕೇಳೋಕೆ ಚೆನ್ನಾಗಿತ್ತು ಮೇಡಂ." ಅವನು ತಲೆ ಎತ್ತಲಿಲ್ಲ. "ಇನ್ನೊಂದ್ಸಲ ಕರೀಲಿ, ತೆಗೀತೀನಿ ಅಂದ್ಕೊಂಡೆ. ಕರೆದ್ರು. ಇನ್ನೊಂದೇ ಸಲ ಅಂದ್ಕೊಂಡೆ. ಆಮೇಲೆ ಕರೀಲಿಲ್ಲ."

"ಸುಮ್ಮನಾದ ಮೇಲಾದ್ರೂ ತೆಗೀಬಹುದಿತ್ತಲ್ಲ?"

"ಆಗ ತೆಗೆದ್ರೆ ಕೊಂದೇ ಹಾಕ್ತಾರೆ ಅಂತ ಭಯ ಆಯ್ತು."

ಸಂಜೆ ನಾಲ್ಕೂಕಾಲಿಗೆ ಅವನ ಬಂಧನವಾಯಿತು. ನಿರ್ಲಕ್ಷ್ಯದ ಪ್ರಕರಣ ಕೊಲೆಯ ಪ್ರಕರಣವಾಯಿತು. ಅಪಾಯದ ಗಂಟೆಯ ವೈರು ಬಿಚ್ಚಿಸಿದ್ದಕ್ಕೆ ಮ್ಯಾನೇಜರನ ಹೆಸರೂ ಸೇರಿತು.

ಟವೆಲಮ್ಮನನ್ನು ಬಿಡುವಾಗ ಅವಳು ಬಾಗಿಲಲ್ಲೇ ನಿಂತು ಕೇಳಿದಳು:

"ಮೇಡಂ, ಒಂದು ಗಂಟೆಗೆ ನಾನು ಅಲ್ಲಿಗೆ ಹೋದಾಗ... ಅವರಿಗೆ ಇನ್ನೂ ಜೀವ ಇತ್ತಾ?"

ಮರಣೋತ್ತರ ವರದಿ ಮೇಜಿನ ಮೇಲೇ ಇತ್ತು. ಇತ್ತು ಎಂದೂ ಅದರಲ್ಲಿ ಬರೆದಿರಲಿಲ್ಲ, ಇರಲಿಲ್ಲ ಎಂದೂ ಬರೆದಿರಲಿಲ್ಲ.

"ಇರ್ಲಿಲ್ಲಮ್ಮ. ಮನೆಗೆ ಹೋಗು," ಎಂದಳು ಇನ್‌ಸ್ಪೆಕ್ಟರ್. ಆ ಒಂದು ದಿನದಲ್ಲಿ ತಾನು ಅವಳಿಗೆ ಮಾಡಿದ್ದರ ಎದುರು ಆ ಸುಳ್ಳು ಏನೇನೂ ಅಲ್ಲ ಅನ್ನಿಸಿತು.

ಬಂಧನವಾದ ಸುದ್ದಿಯನ್ನು ಹತ್ತಿರದ ಸಂಬಂಧಿಗೆ ತಿಳಿಸಿ ರುಜು ಪಡೆಯಬೇಕು. ಅವನಿಗೆ ಇದ್ದ ಸಂಬಂಧಿ ಒಬ್ಬಳೇ, ದೂರು ಕೊಟ್ಟ ಅಕ್ಕ. ಕಾನ್‌ಸ್ಟೇಬಲನ ಕೈಲಿ ಕಳಿಸಬಹುದಾಗಿತ್ತು. ಇನ್‌ಸ್ಪೆಕ್ಟರ್ ತಾನೇ ಹೋದಳು. ನಡುಮನೆಯಲ್ಲಿ ನೆಂಟರನ್ನೆಲ್ಲ ಹೊರಗೆ ಕಳಿಸಿ, ಚಾಪೆಯ ಮೇಲೆ ಆಕೆಯ ಎದುರು ಕೂತು, ಒಂದನ್ನೂ ಬಿಡದೆ ಹೇಳಿದಳು.

ಆಕೆ ಕಿರುಚಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಕೇಳಿಸಿಕೊಂಡಳು.

"ಹೆಸರು ಹಿಡಿದು ಕರೆದ್ರಾ?" ಎಂದು ಕೇಳಿದಳು. "ಖಂಡಿತ ಕರೆದ್ರಂತಾ?"

"ಹೌದಮ್ಮ."

"ಮದುವೆಯಾದ ದಿನದಿಂದ ಬೇಡಿಕೊಂಡೆ ಮೇಡಂ. ನನಗೋಸ್ಕರ ಒಂದು ಸಲ ಅವನನ್ನ ಹೆಸರು ಹಿಡಿದು ಕರೀರಿ ಅಂತ. ಆಮೇಲೆ ಹೇಳೋದನ್ನ ಬಿಟ್ಟೆ. ನಾನು ಬಿಡಬಾರದಿತ್ತು."

ಇನ್‌ಸ್ಪೆಕ್ಟರ್ ಕಾಗದ ಮುಂದಿಟ್ಟಳು. ಬಂಧಿತನ ಹೆಸರಿನ ಜಾಗವನ್ನು ಆಕೆ ಓದಿಕೊಂಡಳು, ತುಟಿ ಅಲ್ಲಾಡಿಸಿ ಒಂದು ಸಲ ಗಟ್ಟಿಯಾಗಿ ಆ ಹೆಸರು ಹೇಳಿದಳು, ಆಮೇಲೆ ರುಜು ಮಾಡಿದಳು.