ಮುಖ ಕಾಣುವ ಫೋಟೋ

ಎರಡು ವರ್ಷದಲ್ಲಿ ಕ್ಲೀಟಸ್ ನನ್ನ ಎಷ್ಟೋ ಫೋಟೋ ತೆಗೆದಿದ್ದಾನೆ. ಒಂದರಲ್ಲೂ ನನಗೆ ಮುಖವಿಲ್ಲ. ಹಿಂದೆ ಮುಳುಗುವ ಸೂರ್ಯ, ಮುಂದೆ ಒಂದು ಕಪ್ಪು ಆಕಾರ.

ಕನ್ಯಾಕುಮಾರಿಯ ದಂಡೆಯಲ್ಲಿ ಪ್ರವಾಸಿಗರ ಫೋಟೋ ತೆಗೆಯುವುದು ಅವನ ಕೆಲಸ. ಅಲ್ಲೇ ಶಂಖ, ಕವಡೆ ಮಾರುವ ಅಂಗಡಿ ನಮ್ಮಣ್ಣನದು. ಕ್ಲೀಟಸ್ ಇಗರ್ಜಿ ಬೀದಿಯವನು, ನಾವು ದೇವಸ್ಥಾನದ ಬೀದಿಯವರು. ಅವನ ಎದೆ ಮೇಲೆ ನೇತಾಡುವ ಸ್ಯಾಂಪಲ್ ಬೋರ್ಡಿನ ನಟ್ಟನಡುವೆ ಆ ಕಪ್ಪು ಹುಡುಗಿ ರಾಜಾರೋಷವಾಗಿ ನಿಂತಿದ್ದಾಳೆ. ಅಣ್ಣ ದಿನಾ ನೋಡುತ್ತಾನೆ, ಗುರುತು ಹಿಡಿದಿಲ್ಲ.

ಇವತ್ತು ಅಣ್ಣನೇ ನನ್ನನ್ನು ಅವನ ಹತ್ತಿರ ಕಳಿಸಿದ. ನಾಗರಕೋಯಿಲಿನ ಗಂಡಿನ ಕಡೆಯವರಿಗೆ ನನ್ನ ಫೋಟೋ ಬೇಕಂತೆ.

ವಿಷಯ ಕೇಳಿ ಕ್ಲೀಟಸ್ ಸಪ್ಪಗಾದ. "ನೀನು ಹೂಂ ಅಂದ್ಯಾ, ಪೊನ್ಮಲರ್?"

"ಮೊದ್ಲು ಫೋಟೋ ತೆಗಿ."

ತೆಗೆದು ತೋರಿಸಿದ. ಆಕಾಶ ಕಣ್ಣಿಗೆ ಹಬ್ಬ, ನಾನು ಮಸಿ.

"ಮತ್ತೆ ಇದೇನಾ?"

"ಆಕಾಶದ ಬೆಳಕಿಗೆ ಸೆಟ್ ಮಾಡಿದ್ರೆ ಮನುಷ್ಯರು ಕಪ್ಪಾಗ್ತಾರೆ ಕಣೇ."

"ನನ್ನ ಮುಖಕ್ಕೆ ಮಾಡು."

ಮಾಡಿದ. ನನ್ನ ಮೂಗುಬೊಟ್ಟೂ ಕಂಡಿತು. ಆದರೆ ಸೂರ್ಯನೇ ಮಾಯ, ಆಕಾಶ ಸುಣ್ಣ ಬಳಿದ ಗೋಡೆ.

"ಸೂರ್ಯನೂ ಬೇಕು, ಮುಖಾನೂ ಬೇಕು" ಎಂದೆ.

ಅವನು ತಲೆ ಕೆರೆದುಕೊಂಡ. "ಆಕಾಶಕ್ಕೆ ಸೆಟ್ ಮಾಡಿ, ಮುಖಕ್ಕೆ ಫ್ಲ್ಯಾಶ್ ಹೊಡೆದ್ರೆ ಎರಡೂ ಬರುತ್ತೆ."

"ಎರಡು ವರ್ಷದಿಂದ ಎಲ್ಲಿತ್ತು ಫ್ಲ್ಯಾಶ್?"

"ಬ್ಯಾಗಲ್ಲೇ. ನಿನ್ನ ಮುಖ ಕಂಡ್ರೆ ನಿಮ್ಮಣ್ಣ ನನ್ನ ಕಾಲು ಮುರೀತಾನೆ ಅಂತ..."

"ನನ್ನ ಮರ್ಯಾದೆಗೆ ಹೆದರಿದ್ದೀಯ ಅಂದ್ಕೊಂಡಿದ್ದೆ. ನಿನ್ನ ಕಾಲಿಗಾ?"

ಮೈಯೆಲ್ಲ ಉರಿಯಿತು. ಪೆಚ್ಚಾದ ಆ ಮೋರೆ ನೋಡಿ ಪ್ರೀತಿಯೂ ಉಕ್ಕಿತು, ಏನು ಮಾಡಲಿ!

"ಹಾಕು ಫ್ಲ್ಯಾಶ್. ಟೈಮರ್ ಇಟ್ಟು ಬಂದು ನನ್ನ ಪಕ್ಕ ನಿಲ್ಲು."

"ಗಂಡಿನ ಕಡೆಯವರಿಗೆ ಕೊಡೋ ಫೋಟೋದಲ್ಲಾ?"

"ಅವರಿಗೂ ಗೊತ್ತಾಗ್ಲಿ. ನಾನು ಹೂಂ ಅಂದಿರೋದು ನಿನಗೆ ಕಣೋ, ದಡ್ಡ."

ಸೂರ್ಯ ಆಗಲೇ ನೀರು ಮುಟ್ಟಿದ್ದ. ಕ್ಲೀಟಸ್ ಟ್ರೈಪಾಡ್ ನೆಟ್ಟು, ಟೈಮರ್ ಒತ್ತಿ ಓಡಿ ಬಂದ. ಬಂದವನು ಒಂದು ಮೊಳ ದೂರ ನಿಂತ. ನಾನೇ ಕೈ ಹಿಡಿದು ಎಳೆದುಕೊಂಡೆ. ಫ್ಲ್ಯಾಶ್ ಹೊಡೆಯಿತು.

ಚೀಲದ ಪುಟ್ಟ ಪ್ರಿಂಟರಿನಿಂದ ಫೋಟೋ ಹೊರಬಂತು. ಕೆಂಪು ಸೂರ್ಯ, ನನ್ನ ನಗು, ಅವನ ಹೆದರಿದ ಕಣ್ಣು, ಎಲ್ಲ ಸ್ಪಷ್ಟವಾಗಿತ್ತು. ಅವನು ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಬೋರ್ಡಿನಿಂದ ಕಪ್ಪು ಹುಡುಗಿಯನ್ನು ಕಿತ್ತು, ಆ ಜಾಗಕ್ಕೆ ನಮ್ಮಿಬ್ಬರನ್ನು ಅಂಟಿಸಿದ. ಬೋರ್ಡನ್ನು ಕೊರಳಿಗೆ ಹಾಕಿಕೊಂಡು ನೇರವಾಗಿ ನಮ್ಮ ಅಂಗಡಿಯತ್ತ ಹೊರಟ.

"ಕಾಲು?" ಎಂದೆ.

"ಎರಡಿದೆಯಲ್ಲ. ನಡಿ."

ಕೈ ಕೈ ಹಿಡಿದು ನಡೆದೆವು. ಅಣ್ಣ ಎಂದಿನಂತೆ ಬೋರ್ಡಿನ ಕಡೆ ನೋಡಿದ. ಈ ಸಲ ಗುರುತು ಹಿಡಿದ.